ಗುಟ್ಟು ಬರೆದಿಟ್ಟ ಜಾದೂಗಾರ

ಗುಟ್ಟನ್ನೇ ಬಂಡವಾಳವಾಗಿ ಉಳ್ಳ ಕಸುಬುಗಳಲ್ಲಿ ಜಾದೂ ಒಂದು. ಗಾರುಡಿಗ, ಮೋಡಿಗಾರ, ಐಂದ್ರಜಾಲಿಕ ಎಂದು ಕನ್ನಡದಲ್ಲಿ ನಾನಾ ಹೆಸರುಗಳಿಂದ ಕರೆಸಿಕೊಳ್ಳುವ ಈ ಕಲಾವಿದರ ವಿದ್ಯೆ ಎಲ್ಲ ದೇಶಗಳಲ್ಲೂ ಬಹುಕಾಲ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟಿಬಂದಿತೇ ಹೊರತು ಪುಸ್ತಕದ ಮೂಲಕ ಹರಡಿದ್ದು ಕಡಿಮೆ. ಪುಸ್ತಕಗಳು ಇರಲೇ ಇಲ್ಲವೆಂದಲ್ಲ. ಮಾಟಗಾತಿಯರೆಂಬ ಹಣೆಪಟ್ಟಿ ಹಚ್ಚಿ ಅಮಾಯಕರನ್ನು ಶಿಕ್ಷಿಸುತ್ತಿದ್ದುದರ ವಿರುದ್ಧ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲೇ ಪ್ರಕಟಿಸಿದ ಗ್ರಂಥದಲ್ಲಿ ಕೈಚಳಕದ ಎಷ್ಟೋ ಆಟಗಳ ಒಳಗುಟ್ಟು ವಿವರಿಸಲ್ಪಟ್ಟಿದೆ. ಆದರೆ ಸ್ಕಾಟ್ ಜಾದೂಗಾರನಲ್ಲ. ಸ್ವತಃ ರಂಗದ ಮೇಲೆ ನಿಂತು ಜನರನ್ನು ಬೆರಗುಗೊಳಿಸಿದವನೇ ಅನಂತರ ಲೇಖನಿ ಹಿಡಿದು, ತಾನು ಮಾಡಿದ್ದೇನು, ಹಾಗೆಯೇ ಏಕೆ ಮಾಡಬೇಕಾಯಿತು ಎಂಬುದನ್ನು ಒಂದು ಶಾಸ್ತ್ರದ ಶಿಸ್ತಿನಲ್ಲಿ ಬರೆದಿಟ್ಟ ಉದಾಹರಣೆಗಳನ್ನು ಹುಡುಕಿದರೆ ಮೊದಲು ಎದುರಾಗುವ ದೊಡ್ಡ ಹೆಸರು ಫ್ರಾನ್ಸಿನ ಝಾನ್ ಯೂಜೆನ್ ರಾಬರ್ಟ್-ಹೂಡಿನ್‌ನದು.

ಫ್ರೆಂಚರ ಬಾಯಲ್ಲಿ ಈ ಹೆಸರು ರೊಬೇರ್ ಉದ್ಯಾಂ ಎಂಬಂತೆ ಕೇಳಿಸುತ್ತದೆ. ಸರಪಳಿ, ಬೇಡಿಗಳಿಂದ ಬಿಡಿಸಿಕೊಂಡು ಬರುವ ಸಾಹಸಗಳಿಗೆ ಪ್ರಸಿದ್ಧನಾದ ಅಮೆರಿಕದ ಹ್ಯಾರಿ ಹೂಡಿನಿ ಬೇರೆ, ಈತ ಬೇರೆ. ಹೂಡಿನಿ ಹುಟ್ಟುವುದಕ್ಕೆ ಸುಮಾರು ಮೂರು ವರ್ಷ ಮೊದಲೇ ಈತ ತೀರಿಕೊಂಡಿದ್ದ. ಎರಡು ಹೆಸರುಗಳ ಹೋಲಿಕೆ ಆಕಸ್ಮಿಕವಲ್ಲ, ಆ ಸಂಗತಿ ಮುಂದೆ ಬರುತ್ತದೆ. ರಾಬರ್ಟ್-ಹೂಡಿನ್‌ನನ್ನು ‘ಆಧುನಿಕ ಜಾದೂವಿನ ಪಿತಾಮಹ’ ಎಂದು ಕರೆಯುವ ರೂಢಿಯಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಪ್ಯಾರಿಸ್ಸಿನಲ್ಲಿ ಆತ ತನ್ನದೇ ರಂಗಮಂದಿರ ನಡೆಸಿದ್ದು 1845ರಿಂದ 1852ರವರೆಗೆ, ಅಂದರೆ ಏಳು ವರ್ಷಗಳ ಆಸುಪಾಸು ಮಾತ್ರ. ಅಷ್ಟು ಸಣ್ಣ ಅವಧಿಯ ರಂಗಜೀವನ ಇಷ್ಟು ದೊಡ್ಡ ಕೀರ್ತಿಗೆ ಸಾಕಾಗುವಂಥದ್ದಲ್ಲ. ಕೀರ್ತಿಯನ್ನು ಕಟ್ಟಿದ್ದು ಆತನ ಪುಸ್ತಕಗಳು, ಮತ್ತು ಆ ಪುಸ್ತಕಗಳಲ್ಲಿ ಒಂದು ಸ್ವತಃ ಒಳ್ಳೆಯ ಕಣ್ಕಟ್ಟು.

ಆತ ಹುಟ್ಟಿದ್ದು 1805ರ ಡಿಸೆಂಬರಿನಲ್ಲಿ, ಲ್ವಾರ್ ನದಿಯ ದಂಡೆಯ ಬ್ಲ್ವಾ ಎಂಬ ಊರಿನಲ್ಲಿ. ತಂದೆ ಪ್ರಾಸ್ಪೆರ್ ರಾಬರ್ಟ್ ಆ ಊರಿನ ನುರಿತ ಗಡಿಯಾರ ತಯಾರಕ. ಮಗ ತನ್ನಂತೆ ಹಲ್ಲುಚಕ್ರಗಳ ನಡುವೆ ಕಣ್ಣು ಕಳೆದುಕೊಳ್ಳದೆ ವಿದ್ಯಾವಂತರ ಉದ್ಯೋಗ ಹಿಡಿಯಲಿ ಎಂಬ ಆಸೆಯಿಂದ ತಂದೆ ಅವನನ್ನು ಓರ್ಲಿಯನ್ಸ್‌ಗೆ ಓದಲು ಕಳಿಸಿದ, ಓದು ಮುಗಿದ ಮೇಲೆ ಕಾನೂನು ಕಚೇರಿಯೊಂದರಲ್ಲಿ ಗುಮಾಸ್ತನಾಗಿಯೂ ಸೇರಿಸಿದ. ಮಗನ ಕೈ ಮಾತ್ರ ಅರ ಮತ್ತು ಚಿಮ್ಮಟಗಳನ್ನೇ ಹುಡುಕುತ್ತಿತ್ತು. ಕೊನೆಗೆ ಸಂಬಂಧಿಯೊಬ್ಬನ ಗಡಿಯಾರದ ಅಂಗಡಿಯಲ್ಲಿ ಕೆಲಸ ಕಲಿಯಲು ಅನುಮತಿ ಸಿಕ್ಕಿತು. ಗಡಿಯಾರ ವಿದ್ಯೆಯ ಬಗ್ಗೆ ಬೆರ್ತೂ ಎಂಬ ತಜ್ಞ ಬರೆದಿದ್ದ ಗ್ರಂಥವನ್ನು ಕೊಳ್ಳಲು ಹೋದಾಗ ಪುಸ್ತಕದಂಗಡಿಯವನು ಗಡಿಬಿಡಿಯಲ್ಲಿ ವೈಜ್ಞಾನಿಕ ವಿನೋದಗಳನ್ನು ಕುರಿತ ಬೇರೆಯೇ ಎರಡು ಸಂಪುಟಗಳನ್ನು ಕಟ್ಟಿಕೊಟ್ಟನೆಂದೂ, ಮನೆಗೆ ಬಂದು ಬಿಚ್ಚಿದಾಗ ಅದರಲ್ಲಿ ಇಸ್ಪೀಟಿನ ಮತ್ತು ಬಟ್ಟಲು-ಚೆಂಡಿನ ಆಟಗಳ ವಿವರ ಕಂಡು ರಾತ್ರಿಯಿಡೀ ಓದಿದನೆಂದೂ ಆತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಪುಸ್ತಕದಿಂದ ಜಾದೂ ಹುಟ್ಟಿತೆಂಬ ಈ ಕಥೆ ಮುಂದೆ ಪುಸ್ತಕ ಬರೆದವನಿಗೆ ಒಪ್ಪುವಂತಿದೆ, ಬಹುಶಃ ಸ್ವಲ್ಪ ಹೆಚ್ಚೇ ಒಪ್ಪುವಂತಿದೆ.

ಆ ಪುಸ್ತಕಗಳು ಗುಟ್ಟನ್ನು ಹೇಳಿದವೇ ಹೊರತು ಕೈಯನ್ನು ಪಳಗಿಸಲಿಲ್ಲ. ಅದನ್ನು ಪಳಗಿಸಲು ಆತ ಪಟ್ಟ ಪಾಡಿನ ವಿವರ ಆತ್ಮಕಥೆಯ ಅತ್ಯಂತ ನಂಬಲರ್ಹವಾದ ಭಾಗ. ಬ್ಲ್ವಾದಲ್ಲಿ ಕಾಲಿನ ಆಣಿ ತೆಗೆಯುವ ಕಸುಬಿನವನೊಬ್ಬನಿಗೆ ಚೆಂಡಾಟದ ಚಮತ್ಕಾರ ಗೊತ್ತಿತ್ತು. ಅವನಿಂದ ಏಕಕಾಲಕ್ಕೆ ನಾಲ್ಕು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ಕಲಿತ ಯುವಕ, ಅಷ್ಟಕ್ಕೆ ನಿಲ್ಲದೆ, ಎದುರಿಗೆ ಪುಸ್ತಕವೊಂದನ್ನು ತೆರೆದಿಟ್ಟು, ಚೆಂಡುಗಳನ್ನು ಬೀಳಿಸದೆ ಅದನ್ನು ಓದುವ ಅಭ್ಯಾಸ ಮಾಡಿದ. ಇದು ಬರೀ ಹಟವಲ್ಲ. ನೇರ ನೋಟ ಒಂದು ಕಡೆಗಿದ್ದಾಗ ಕಣ್ಣಂಚಿನ ನೋಟ ಮತ್ತು ಬೆರಳಿನ ಸ್ಪರ್ಶ ಎರಡೂ ತಮ್ಮ ಪಾಡಿಗೆ ತಾವು ದುಡಿಯಬೇಕೆಂಬುದು ಕೈಚಳಕದ ಮೂಲಪಾಠ. ಜಾದೂಗಾರ ತನ್ನ ಕೈಯನ್ನು ತಾನೇ ನೋಡಿಕೊಂಡರೆ ಪ್ರೇಕ್ಷಕರೂ ಅಲ್ಲಿಗೇ ನೋಡುತ್ತಾರೆ. ಅಂಗಿಯ ಎರಡೂ ಬದಿಗೆ ಅಗಲವಾದ ಜೇಬುಗಳನ್ನು ಹೊಲಿಸಿಕೊಂಡು, ಬೀದಿಯಲ್ಲಿ ನಡೆಯುವಾಗಲೂ ಅವುಗಳೊಳಗೆ ನಾಣ್ಯ, ಇಸ್ಪೀಟೆಲೆಗಳನ್ನು ತಿರುವುತ್ತಿದ್ದುದಾಗಿಯೂ, ಊಟಕ್ಕೆ ಕುಳಿತಾಗ ಒಂದು ಕೈ ಸೂಪು ಕುಡಿಸುತ್ತಿದ್ದರೆ ಇನ್ನೊಂದು ಕೈ ಅಭ್ಯಾಸದಲ್ಲಿ ತೊಡಗಿರುತ್ತಿತ್ತೆಂದೂ ಆತ ಹೇಳುತ್ತಾನೆ.

1830ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಗಡಿಯಾರ ತಯಾರಕ ಹೂಡಿನ್‌ನ ಮಗಳು ಜೊಸೆಫ್ ಸೆಸಿಲ್‌ಳನ್ನು ಮದುವೆಯಾಗಿ, ಮಾವನ ಮನೆತನದ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡು, ಆತ ಪ್ಯಾರಿಸ್ಸಿನಲ್ಲಿ ನೆಲೆಯೂರಿದ. ಮುಂದಿನ ಹದಿನೈದು ವರ್ಷ ಹೊಟ್ಟೆಪಾಡಿಗೆ ಗಡಿಯಾರಗಳು, ಮನಸ್ಸಿನ ಹಸಿವಿಗೆ ಕೀಲುಗೊಂಬೆಗಳು. ಒಮ್ಮೆ ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗು ಮತ್ತು ಹಲ್ಲುಚಕ್ರಗಳ ಬಲದಿಂದ ತಾನಾಗಿಯೇ ಚಲಿಸುವ, ಮನುಷ್ಯರನ್ನೋ ಪ್ರಾಣಿಗಳನ್ನೋ ಹೋಲುವ ಯಂತ್ರಗಳಿಗೆ ಆಗ ಯುರೋಪಿನಲ್ಲಿ ಭಾರಿ ಬೆಲೆಯಿತ್ತು. ಪ್ರಶ್ನೆಗೆ ಉತ್ತರ ಬರೆಯುವ ಮತ್ತು ಚಿತ್ರ ಬಿಡಿಸುವ ಆತನ ಗೊಂಬೆ 1844ರ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳ್ಳಿಯ ಪದಕ ಪಡೆಯಿತು, ದೊರೆ ಲೂಯಿ ಫಿಲಿಪ್‌ನ ಮೆಚ್ಚುಗೆ ಗಳಿಸಿತು, ಕೊನೆಗೆ ಅಮೆರಿಕದ ಪ್ರದರ್ಶನ ವ್ಯಾಪಾರಿ ಪಿ.ಟಿ. ಬಾರ್ನಮ್‌ನ ಪಾಲಾಯಿತು. ಮರುವರ್ಷ ಒಬ್ಬ ಶ್ರೀಮಂತ ಕೌಂಟ್ ಸಾಲವಾಗಿ ಕೊಟ್ಟನೆಂದು ಆತ ಹೇಳುವ 15,000 ಫ್ರಾಂಕುಗಳ ಬಲದಿಂದ ಪಾಲೇ ರುವಯಾಲ್ ಆವರಣದಲ್ಲಿ ಸುಮಾರು 200 ಆಸನಗಳ ಪುಟ್ಟ ರಂಗಮಂದಿರ ಸಿದ್ಧವಾಗಿ, 1845ರ ಜುಲೈ 3ರಂದು ತೆರೆಯಿತು. ಆಗ ಆತನಿಗೆ ನಲವತ್ತರ ಹತ್ತಿರದ ವಯಸ್ಸು.

ಹೊಸ ರಂಗಮಂದಿರದಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅಲ್ಲಿ ಏನೇನು ಇಲ್ಲ ಎಂಬುದೇ. ಆ ಕಾಲದ ಎಷ್ಟೋ ಜಾದೂಗಾರರು ನಕ್ಷತ್ರಗಳ ಚಿತ್ರವಿದ್ದ ಉದ್ದನೆಯ ನಿಲುವಂಗಿ ತೊಟ್ಟು, ನೂರಾರು ದೀಪಗಳ ನಡುವೆ, ಫಳಫಳ ಹೊಳೆಯುವ ತಗಡಿನ ಡಬ್ಬಿಗಳ ರಾಶಿಯೊಂದಿಗೆ, ನೆಲದವರೆಗೆ ಬಟ್ಟೆ ಇಳಿಬಿಟ್ಟ ಮೇಜುಗಳ ಹಿಂದೆ ನಿಲ್ಲುತ್ತಿದ್ದರು. ಆ ಬಟ್ಟೆಯ ಕೆಳಗೆ ಸಹಾಯಕನೊಬ್ಬ ಅಡಗಿ ಕುಳಿತಿರಬಹುದೆಂಬುದು ಮಕ್ಕಳಿಗೂ ಹೊಳೆಯುವಂತಿತ್ತು. ರಾಬರ್ಟ್-ಹೂಡಿನ್ ಅದೆಲ್ಲವನ್ನೂ ಗುಡಿಸಿಹಾಕಿ, ಸಿರಿವಂತರ ಮನೆಯ ಪಡಸಾಲೆಯಂತೆ ರಂಗವನ್ನು ಸಜ್ಜುಗೊಳಿಸಿ, ಪ್ರೇಕ್ಷಕರಲ್ಲೇ ಒಬ್ಬನಂತೆ ಸಂಜೆಯ ಔತಣದ ಕಪ್ಪು ಉಡುಪಿನಲ್ಲಿ ಬಂದು ನಿಂತ. ಇದನ್ನು ಮೊದಲು ಮಾಡಿದವನು ತಾನೇ ಎಂಬ ಧ್ವನಿ ಆತನ ಬರಹದಲ್ಲಿದೆಯಾದರೂ ಅದೇ ಕಾಲದಲ್ಲಿ ಅದೇ ದಾರಿ ಹಿಡಿದ ಇತರರೂ ಇದ್ದರೆಂಬುದು ನಿಜ. ಆದರೆ ಹಾಗೇಕೆ ಮಾಡಬೇಕೆಂದು ಕಾರಣ ಸಹಿತ ಬರೆದವನು ಆತ. ಬೆರಗು ಹುಟ್ಟಬೇಕಾದದ್ದು ಸಾಮಾನ್ಯವೆಂದು ಕಾಣುವ ವಸ್ತುವಿನಿಂದ ಎಂಬ ತತ್ತ್ವಕ್ಕೆ ಇಂದಿಗೂ ಯಾವ ಜಾದೂಗಾರನೂ ತಕರಾರು ತೆಗೆಯುವುದಿಲ್ಲ.

ಆತನ ಕಿತ್ತಳೆ ಗಿಡದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಪ್ರೇಕ್ಷಕರಲ್ಲಿ ಒಬ್ಬ ಮಹಿಳೆಯಿಂದ ಎರವಲು ಪಡೆದ ಕರವಸ್ತ್ರವನ್ನು ಉಂಡೆ ಮಾಡಿ, ಮೇಜಿನ ಮೇಲಿದ್ದ ಮೊಟ್ಟೆ, ನಿಂಬೆ, ಕಿತ್ತಳೆಗಳ ಪಕ್ಕದಲ್ಲಿ ಇಡಲಾಗುತ್ತಿತ್ತು. ಅಂಗೈಗಳ ನಡುವೆ ಉಜ್ಜಿದಂತೆ ಕರವಸ್ತ್ರ ಕಿರಿದಾಗಿ ಮೊಟ್ಟೆಯೊಳಗೆ, ಮೊಟ್ಟೆ ನಿಂಬೆಯೊಳಗೆ, ನಿಂಬೆ ಕಿತ್ತಳೆಯೊಳಗೆ ಸೇರಿಹೋದಂತೆ ಕಾಣಿಸಿ, ಕೊನೆಗೆ ಕಿತ್ತಳೆಯೂ ಪುಡಿಯಾಗುತ್ತಿತ್ತು. ಆ ಪುಡಿಯನ್ನು ಬೆಂಕಿಗೆ ಹಾಕಿದಾಗ ಎದ್ದ ನೀಲಿ ಜ್ವಾಲೆಯ ಮೇಲೆ ಕುಂಡದ ಗಿಡವೊಂದನ್ನು ಹಿಡಿದರೆ, ಬರೀ ಎಲೆಗಳಿದ್ದ ಗಿಡದಲ್ಲಿ ಬಿಳಿಯ ಹೂಗಳು ಅರಳಿ, ಅವು ಮಾಯವಾದ ಜಾಗದಲ್ಲಿ ಕಿತ್ತಳೆಗಳು ಕಾಣಿಸಿಕೊಳ್ಳುತ್ತಿದ್ದವು. ಹಣ್ಣುಗಳನ್ನು ಕಿತ್ತು ಪ್ರೇಕ್ಷಕರಿಗೆ ಹಂಚಲಾಗುತ್ತಿತ್ತು, ಜನ ಸುಲಿದು ತಿನ್ನುತ್ತಿದ್ದರು. ಗಿಡದಲ್ಲಿ ಉಳಿದ ಒಂದೇ ಹಣ್ಣು ನಾಲ್ಕಾಗಿ ಬಿರಿದಾಗ ಎರಡು ಚಿಟ್ಟೆಗಳು ಮೇಲೇರಿ, ಎರವಲು ತಂದ ಕರವಸ್ತ್ರವನ್ನು ಅಂಚು ಹಿಡಿದು ಬಿಡಿಸುತ್ತಿದ್ದವು. ಎಲೆಗಳು ಲೋಹದವು, ಹೂಗಳು ರೇಷ್ಮೆಯವು, ಎಲ್ಲವನ್ನೂ ನಡೆಸುತ್ತಿದ್ದುದು ಗಡಿಯಾರದ ಕೀಲುಗಳಂಥ ಯಂತ್ರ. ಆದರೆ ಎಲೆಗಳ ಮರೆಯಲ್ಲಿ ಅಡಗಿಸಿದ್ದ ಹಣ್ಣುಗಳು ಮಾತ್ರ ನಿಜವಾದವು. ಆತನ ಜಾಣತನವಿರುವುದು ಇಲ್ಲೇ: ಯಂತ್ರವನ್ನು ಶಂಕಿಸಲು ಹೊರಟವನ ಕೈಯಲ್ಲಿ ರಸ ಸುರಿಯುವ ಕಿತ್ತಳೆ ತೊಳೆ ಇದ್ದರೆ ಶಂಕೆ ಅಲ್ಲಿಗೇ ಸೋಲುತ್ತದೆ.

1846ರಲ್ಲಿ ಆರಂಭವಾದ ‘ಎರಡನೆಯ ದೃಷ್ಟಿ’ ಎಂಬ ಪ್ರಯೋಗಕ್ಕೆ ಯಂತ್ರವೇ ಬೇಕಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ರಂಗದ ಮೇಲೆ ಕುಳಿತ ಮಗ ಎಮಿಲ್, ತಂದೆ ಪ್ರೇಕ್ಷಕರ ನಡುವೆ ಓಡಾಡುತ್ತ ಕೈಗೆತ್ತಿಕೊಂಡ ವಸ್ತುಗಳನ್ನು ಅಲ್ಲಿಂದಲೇ ವರ್ಣಿಸುತ್ತಿದ್ದ. ನಮ್ಮಲ್ಲಿ ಅಂಜನ ಹಾಕಿ ನೋಡುವವರ ಬಗ್ಗೆ ಇರುವಂಥದೇ ಬೆರಗು ಪ್ಯಾರಿಸ್ಸಿನಲ್ಲಿ ಹುಟ್ಟಿತು. ತಂದೆ ಪ್ರಶ್ನೆ ಕೇಳುವ ಮಾತಿನ ಜೋಡಣೆಯಲ್ಲೇ ಉತ್ತರದ ಸಂಕೇತ ಅಡಗಿರುವುದು ಇಂಥ ಪ್ರಯೋಗಗಳ ಸಾಮಾನ್ಯ ತಂತ್ರ. ಆ ಗುಮಾನಿ ಪ್ರೇಕ್ಷಕರಿಗೂ ಬಂದಾಗ ಆತ ಮಾತು ಬಿಟ್ಟು ಗಂಟೆ ಬಾರಿಸತೊಡಗಿದ. ಆತ್ಮಕಥೆಯಲ್ಲಿ ಆತ ಸಂಕೇತಗಳಿಗಿಂತ ಹೆಚ್ಚು ಬರೆದಿರುವುದು ಅದರ ಹಿಂದಿನ ನೆನಪಿನ ಸಾಧನೆಯನ್ನು. ತಂದೆ ಮಗ ಇಬ್ಬರೂ ಡಾಮಿನೊ ಎಂಬ ಆಟದ ಚುಕ್ಕಿಬಿಲ್ಲೆಗಳನ್ನು ಒಂದು ಕ್ಷಣ ನೋಡಿ, ಎಣಿಸದೆ, ಮೊತ್ತ ಹೇಳುವ ಅಭ್ಯಾಸದಿಂದ ಶುರುಮಾಡಿದರು. ಆಮೇಲೆ ಆಟಿಕೆ ಅಂಗಡಿಯ ಗಾಜಿನ ಮುಂದೆ ನಿಲ್ಲದೆ ನಡೆದುಹೋಗಿ, ಸ್ವಲ್ಪ ದೂರದಲ್ಲಿ ನಿಂತು, ಒಳಗೆ ಕಂಡದ್ದನ್ನೆಲ್ಲ ಕಾಗದದ ಮೇಲೆ ಬರೆಯತೊಡಗಿದರು. ತಾನು ಮೂವತ್ತು ವಸ್ತು ಬರೆಯಲು ತಿಣುಕುತ್ತಿದ್ದಾಗ ಮಗ ನಲವತ್ತರವರೆಗೂ ಬರೆಯುತ್ತಿದ್ದನೆಂದು ತಂದೆ ಹೆಮ್ಮೆಪಡುತ್ತಾನೆ. ರಂಗಕ್ಕೆ ಹೋಗುವ ಮುನ್ನ ಸಭಾಂಗಣದ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಯಾರ ಕೈಯಲ್ಲಿ ಏನಿದೆ ಎಂಬುದು ಆ ಹುಡುಗನಿಗೆ ಅರ್ಧಕ್ಕರ್ಧ ಗೊತ್ತಾಗಿರುತ್ತಿತ್ತು.

1847ರ ಪ್ರಯೋಗಕ್ಕೆ ಆ ಕಾಲದ ಸುದ್ದಿಯೇ ಸಾಮಗ್ರಿ. ಈಥರ್ ಎಂಬ ದ್ರವದ ಆವಿಯನ್ನು ಮೂಸಿಸಿ ರೋಗಿಗೆ ನೋವು ತಿಳಿಯದಂತೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತೋರಿಸಿದ ಮೇಲೆ ಯುರೋಪಿನಲ್ಲೆಲ್ಲ ಅದೇ ಮಾತಾಗಿತ್ತು. ಈಥರಿಗೆ ಮನುಷ್ಯನ ದೇಹವನ್ನು ಬೆಲೂನಿನಂತೆ ಹಗುರ ಮಾಡುವ ಶಕ್ತಿಯೂ ಇದೆಯೆಂದು ಆತ ಗಂಭೀರವಾಗಿ ಪ್ರವಚನ ಮಾಡಿ, ತನ್ನ ಕಿರಿಯ ಮಗನಿಗೆ ಸೀಸೆ ಮೂಸಿಸಿ, ಮೊಣಕೈಗೆ ಒಂದೇ ಒಂದು ಕೋಲಿನ ಆಸರೆ ಕೊಟ್ಟು, ಅವನನ್ನು ಗಾಳಿಯಲ್ಲಿ ಅಡ್ಡಲಾಗಿ ಮಲಗಿಸುತ್ತಿದ್ದ. ಸೀಸೆ ಖಾಲಿ, ಈಥರಿನ ವಾಸನೆ ಸಭಾಂಗಣಕ್ಕೆ ಹರಡಲೆಂದು ಪರದೆಯ ಹಿಂದೆ ಸಹಾಯಕನೊಬ್ಬ ಕಾದ ಕಬ್ಬಿಣದ ಮೇಲೆ ಅದನ್ನು ಸುರಿಯುತ್ತಿದ್ದ. ಎಳೆಯ ಮಗುವಿಗೆ ಹೀಗೆ ಮಾಡುವ ತಂದೆಯ ಕ್ರೌರ್ಯವನ್ನು ಖಂಡಿಸಿ ಪ್ರೇಕ್ಷಕರು ಪತ್ರ ಬರೆದರಂತೆ, ಅದನ್ನು ಆತ ತನಗೆ ಸಿಕ್ಕ ಪ್ರಶಸ್ತಿಯೆಂದೇ ಭಾವಿಸಿದ.

ಈ ತೇಲುವ ಆಟಕ್ಕೆ ನಮ್ಮ ನೆರೆಯ ಮದರಾಸಿನ ಒಂದು ಕೊಂಡಿಯಿದೆ. ಶೇಷಾಲ್ ಎಂದು ಇಂಗ್ಲಿಷ್ ಬರಹಗಳಲ್ಲಿ ಹೆಸರಾದ ಒಬ್ಬ ಬ್ರಾಹ್ಮಣ, ಪದ್ಮಾಸನದಂತೆ ಕಾಲು ಮಡಿಸಿ, ನಿಲ್ಲಿಸಿದ ಬಿದಿರಿನ ಕೋಲೊಂದಕ್ಕೆ ಹೊಂದಿಸಿದ ಆಸರೆಯ ಮೇಲೆ ಒಂದು ಕೈಯನ್ನಷ್ಟೇ ಇಟ್ಟು, ನೆಲದಿಂದ ಮೇಲೆ ಗಾಳಿಯಲ್ಲಿ ಕುಳಿತಂತೆ ತೋರಿಸುತ್ತಿದ್ದ ವರದಿ 1830ರ ದಶಕದ ಆರಂಭದಲ್ಲೇ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರದೊಂದಿಗೆ ಅಚ್ಚಾಗಿತ್ತು. ಕುಳಿತುಕೊಳ್ಳುವಾಗ ಮತ್ತು ಇಳಿಯುವಾಗ ಕಂಬಳಿಯ ಮರೆ ಮಾಡಲಾಗುತ್ತಿತ್ತೆಂಬ ವಿವರವೇ, ಕೋಲಿನಿಂದ ಹೊರಟು ತೋಳಿನ ಮೂಲಕ ಬಟ್ಟೆಯೊಳಗೆ ಹಾಯ್ದ ಲೋಹದ ಚೌಕಟ್ಟೊಂದು ಅವನನ್ನು ಹೊತ್ತಿತ್ತೆಂದು ಸೂಚಿಸುತ್ತದೆ. ರಾಬರ್ಟ್-ಹೂಡಿನ್‌ನ ಆಟದ ತಳಹದಿಯೂ ಅದೇ ಬಗೆಯದು. ಹಳೆಯ ಭಾರತೀಯ ವಿದ್ಯೆಗೆ ಈಥರಿನ ವಾಸನೆ ಸೇರಿಸಿದ್ದು ಆತನ ಕೊಡುಗೆ, ಮತ್ತು ಆ ವಾಸನೆಯೇ ಆಟವನ್ನು ಗೆಲ್ಲಿಸಿತೆಂಬುದನ್ನೂ ಒಪ್ಪಬೇಕು.

1848ರ ಕ್ರಾಂತಿಯಿಂದ ಪ್ಯಾರಿಸ್ಸಿನ ರಂಗಮಂದಿರಗಳು ಬರಿದಾದಾಗ ಆತ ಲಂಡನ್ನಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆಯೂ ಪ್ರದರ್ಶನ ನೀಡಿ ಬಂದ. 1852ರಲ್ಲಿ ರಂಗಮಂದಿರವನ್ನು ಹ್ಯಾಮಿಲ್ಟನ್ ಎಂಬ ರಂಗನಾಮದ ಶಿಷ್ಯನಿಗೆ ಒಪ್ಪಿಸಿ, ಬ್ಲ್ವಾ ಹತ್ತಿರದ ಸೇಂಟ್ ಜೆರ್ವೆಯ ತನ್ನ ಮನೆ ‘ಪ್ರಿಯೊರೆ’ಗೆ ನಿವೃತ್ತನಾಗಿ ಮರಳಿದ. ಊರಿಗೆಲ್ಲ ಎಣ್ಣೆದೀಪವಿದ್ದ ಕಾಲದಲ್ಲಿ ಆ ಮನೆಯ ತುಂಬ ವಿದ್ಯುತ್ತಿನ ತಂತಿಗಳು. ಹೆಬ್ಬಾಗಿಲಿನ ಅಂಚೆಪೆಟ್ಟಿಗೆಗೆ ಅಂಚೆಯವನು ಒಂದೊಂದೇ ಕಾಗದ ಹಾಕಿದಂತೆ ಮನೆಯೊಳಗೆ ಗಂಟೆ ಹೊಡೆಯುತ್ತಿತ್ತು. ಲಾಯದ ಕುದುರೆಗೆ ಗಡಿಯಾರವೇ ಹೊತ್ತುಹೊತ್ತಿಗೆ ಮೇವು ಸುರಿಯುತ್ತಿತ್ತು. ಊಟ ಬೇಗ ಬೇಕೆನಿಸಿದ ದಿನ ಯಜಮಾನ ತನ್ನ ಕೋಣೆಯಿಂದಲೇ ಮನೆಯ ಗಡಿಯಾರಗಳನ್ನೆಲ್ಲ ಗುಟ್ಟಾಗಿ ಮುಂದಕ್ಕೆ ತಿರುಗಿಸಿ ಅಡುಗೆಯವರನ್ನು ಅವಸರಪಡಿಸುತ್ತಿದ್ದ. ತನ್ನ ಕಣ್ಣಿನ ಒಳಗನ್ನು ತಾನೇ ನೋಡಿಕೊಳ್ಳಲು ನೆರವಾಗುವ ಉಪಕರಣವನ್ನೂ ಆತ ರೂಪಿಸಿದ. ಕಣ್ಕಟ್ಟಿನವನು ಕೊನೆಗೆ ಕಣ್ಣಿನ ಅಧ್ಯಯನಕ್ಕೇ ಇಳಿದದ್ದು ಸಹಜವೇ.

ನಿವೃತ್ತಿಯ ನಡುವೆ 1856ರಲ್ಲಿ ಫ್ರೆಂಚ್ ಸರ್ಕಾರ ಆತನನ್ನು ಅಲ್ಜೀರಿಯಕ್ಕೆ ಕಳಿಸಿತು. 1830ರಿಂದ ಆ ದೇಶವನ್ನು ಆಕ್ರಮಿಸಿಕೊಂಡಿದ್ದ ಫ್ರೆಂಚರಿಗೆ, ಪವಾಡಗಳ ಮೂಲಕ ಜನರ ಮೇಲೆ ಹಿಡಿತ ಹೊಂದಿದ್ದ ಮರಾಬೂಗಳೆಂಬ ಮುಸ್ಲಿಂ ಸಂತರ ಪ್ರಭಾವ ತಲೆನೋವಾಗಿತ್ತು. ಅವರಿಗಿಂತ ದೊಡ್ಡ ಪವಾಡಗಾರ ಫ್ರಾನ್ಸಿನಲ್ಲಿದ್ದಾನೆಂದು ತೋರಿಸುವುದು ಉದ್ದೇಶ. ಅಕ್ಟೋಬರ್ 28ರಂದು ಅಲ್ಜಿಯರ್ಸ್‌ನಲ್ಲಿ ಬುಡಕಟ್ಟಿನ ಮುಖಂಡರ ಮುಂದೆ ಆತ ತೋರಿಸಿದ್ದರಲ್ಲಿ ಪ್ರಸಿದ್ಧವಾದದ್ದು ಹಗುರ-ಭಾರದ ಪೆಟ್ಟಿಗೆ. ಮಗುವೂ ಎತ್ತಬಹುದಾದ ಪುಟ್ಟ ಪೆಟ್ಟಿಗೆಯನ್ನು ಗಟ್ಟಿಮುಟ್ಟಾದ ಅರಬನೊಬ್ಬ ಮೊದಲು ಸುಲಭವಾಗಿ ಎತ್ತಿದ. ನಿನ್ನ ಬಲವನ್ನೆಲ್ಲ ಕಸಿದಿದ್ದೇನೆ ಎಂದು ಜಾದೂಗಾರ ಘೋಷಿಸಿದ ಮೇಲೆ ಅದು ನೆಲ ಬಿಟ್ಟು ಕದಲಲಿಲ್ಲ, ಸಾಲದ್ದಕ್ಕೆ ಹಿಡಿಯಿಂದ ಹೊಡೆದ ವಿದ್ಯುತ್ತಿನ ಆಘಾತಕ್ಕೆ ಅವನು ಕುಸಿದುಬಿದ್ದ. ಪೆಟ್ಟಿಗೆಯ ತಳದಲ್ಲಿ ಕಬ್ಬಿಣ, ರಂಗದ ಕೆಳಗೆ ವಿದ್ಯುತ್ ಹರಿದಾಗ ಮಾತ್ರ ಸೆಳೆಯುವ ಅಯಸ್ಕಾಂತ, ಅಷ್ಟೇ ಗುಟ್ಟು. ಇದೇ ಪೆಟ್ಟಿಗೆಯನ್ನು ಪ್ಯಾರಿಸ್ಸಿನಲ್ಲಿ ತೋರಿಸಿದಾಗ ಆತ ಪೆಟ್ಟಿಗೆ ಭಾರವಾಯಿತೆಂದಷ್ಟೇ ಹೇಳುತ್ತಿದ್ದ; ಅಲ್ಜಿಯರ್ಸ್‌ನಲ್ಲಿ ಮನುಷ್ಯ ದುರ್ಬಲನಾದನೆಂದು ಹೇಳಿದ. ಯಂತ್ರ ಒಂದೇ, ಮಾತು ಬದಲಾದಾಗ ವಿನೋದ ಬೆದರಿಕೆಯಾಯಿತು. ವಿಜ್ಞಾನದ ಹೆಸರಿನಲ್ಲಿ ಮೌಢ್ಯವನ್ನು ಬಯಲು ಮಾಡಿದೆನೆಂಬ ಸಮಾಧಾನ ಆತನ ಬರಹದಲ್ಲಿದೆ. ಆದರೆ ಅಲ್ಲಿ ಮೌಢ್ಯ ಬಯಲಾಗಲಿಲ್ಲ, ಒಂದು ಪವಾಡದ ಜಾಗದಲ್ಲಿ ಆಳುವವರ ಪವಾಡ ಬಂದು ಕುಳಿತಿತು ಎಂದು ಇಂದಿನ ಓದುಗ ಹೇಳಬೇಕಾಗುತ್ತದೆ. ಅಲ್ಲಿ ನಡೆದದ್ದರ ವಿವರ ನಮಗೆ ದೊರೆಯುವುದು ಬಹುಮಟ್ಟಿಗೆ ಆತನ ಲೇಖನಿಯಿಂದಲೇ ಎಂಬುದನ್ನೂ ಮರೆಯುವಂತಿಲ್ಲ.

ಆ ಲೇಖನಿ ನಿಜವಾಗಿ ಕೆಲಸಕ್ಕೆ ತೊಡಗಿದ್ದು ಅನಂತರ. 1858ರಲ್ಲಿ ‘ಒಬ್ಬ ಕೈಚಳಕಗಾರನ ಮನದ ಮಾತು’ ಎಂಬ ಅರ್ಥದ ಶೀರ್ಷಿಕೆಯ ಆತ್ಮಕಥೆ, 1861ರಲ್ಲಿ ಇಸ್ಪೀಟಿನ ಮೋಸಗಾರರ ತಂತ್ರಗಳನ್ನು ಬಯಲು ಮಾಡುವ ಪುಸ್ತಕ, 1868ರಲ್ಲಿ ‘ಕೈಚಳಕ ಮತ್ತು ಜಾದೂವಿನ ಗುಟ್ಟುಗಳು’ ಎಂಬ ಶಾಸ್ತ್ರಗ್ರಂಥ ಹೊರಬಂದವು; ರಂಗಯಂತ್ರಗಳ ವಿವರಗಳಿರುವ ಇನ್ನೊಂದು ಪುಸ್ತಕ ಆತ ಸತ್ತ ಮೇಲೆ, 1877ರಲ್ಲಿ, ಅಚ್ಚಾಯಿತು. ಎರಡನೆಯ ಪುಸ್ತಕದ ಹೆಸರಿನಲ್ಲಿ ‘ಗ್ರೀಕರು’ ಎಂಬ ಪದವಿದೆ. ಆ ಕಾಲದ ಫ್ರೆಂಚ್ ಆಡುಮಾತಿನಲ್ಲಿ ಜೂಜಿನ ಕಳ್ಳನಿಗೆ ಗ್ರೀಕನೆಂದು ಹೆಸರು, ಗ್ರೀಸ್ ದೇಶಕ್ಕೂ ಆ ಪುಸ್ತಕಕ್ಕೂ ಸಂಬಂಧವಿಲ್ಲ.

ಆತ್ಮಕಥೆ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ, ಅದಕ್ಕೆ ಕಾರಣ ಅದರ ಒಂದು ಭಾಗ ಕಾದಂಬರಿಯೇ ಆಗಿರುವುದು. ಯೌವನದಲ್ಲಿ ವಿಷಾಹಾರದಿಂದ ಜ್ವರ ಬಂದು, ಪ್ರಯಾಣದ ಬಂಡಿಯಿಂದ ರಸ್ತೆಗೆ ಬಿದ್ದಿದ್ದ ತನ್ನನ್ನು ತೊರಿನಿ ಎಂಬ ಅಲೆಮಾರಿ ಜಾದೂಗಾರ ಎತ್ತಿ ಬದುಕಿಸಿದನೆಂದೂ, ಆತ ಮೂಲತಃ ದೊಡ್ಡ ಮನೆತನದ ಕೌಂಟ್ ಆಗಿದ್ದನೆಂದೂ, ಗುಂಡು ಹಾರಿಸುವ ಪ್ರಯೋಗದಲ್ಲಿ ಕೈತಪ್ಪಿನಿಂದ ರಂಗದ ಮೇಲೆಯೇ ಸ್ವಂತ ಮಗನನ್ನು ಕೊಂದು ಆ ದುಃಖದಲ್ಲಿ ಅಲೆಯುತ್ತಿದ್ದನೆಂದೂ, ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದನೆಂದೂ ಹಲವು ಅಧ್ಯಾಯಗಳಷ್ಟು ಉದ್ದಕ್ಕೆ ಆತ ಬರೆದಿದ್ದಾನೆ. ಇಷ್ಟೊಂದು ದೊಡ್ಡ ಕಲಾವಿದನ ಪ್ರದರ್ಶನದ ಒಂದು ಜಾಹೀರಾತೂ ಒಂದು ದಾಖಲೆಯೂ ಇತಿಹಾಸಕಾರರ ಕೈಗೆ ಸಿಕ್ಕಿಲ್ಲ. ತೊರಿನಿ ಕಲ್ಪನೆಯ ಕೂಸು ಎಂಬುದು ಈಗ ಬಹುತೇಕ ಒಪ್ಪಿತ ಅಭಿಪ್ರಾಯ. ಆ ಕಥೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಕಟ್ಟೋಣವನ್ನು ಗಮನಿಸಿದರೆ ರಂಗದ ಕೈವಾಡ ಕಾಣುತ್ತದೆ: ಚೆಂಡಾಟ ಕಲಿಸಿದ ಆಣಿ ತೆಗೆಯುವವನು, ಜೇಬಿನೊಳಗಿನ ಅಭ್ಯಾಸ ಮುಂತಾದ ನಂಬಲರ್ಹ ಸಣ್ಣ ವಿವರಗಳನ್ನು ಮೊದಲು ಓದುಗನ ಕೈಗೆ ಕೊಟ್ಟು, ಅವುಗಳ ನಡುವೆ ದೊಡ್ಡ ಕಲ್ಪನೆಯನ್ನು ನುಸುಳಿಸಲಾಗಿದೆ. ತಗಡಿನ ಎಲೆಗಳ ನಡುವೆ ನಿಜವಾದ ಕಿತ್ತಳೆ ಸಿಕ್ಕಿಸಿದ್ದವನದೇ ಈ ಕೈ.

1868ರ ಗ್ರಂಥದ ಬಗೆಯೇ ಬೇರೆ. ಅದರಲ್ಲಿ ನಾಣ್ಯ, ಇಸ್ಪೀಟು, ಚೆಂಡುಗಳನ್ನು ಹಿಡಿಯುವ, ಅಡಗಿಸುವ, ಬದಲಿಸುವ ಬಗೆಗಳನ್ನು ಬೆರಳು ಬೆರಳಾಗಿ ವಿವರಿಸಲಾಗಿದೆ. ಕೈಚಳಕದ ಮೊದಲ ಪಾಠಗಳಲ್ಲೊಂದಾದ ಒಂದು ಚಲನೆಯನ್ನೇ ನೋಡಬಹುದು. ಎಡಗೈಯ ಹೆಬ್ಬೆರಳು ಮತ್ತು ಬೆರಳುಗಳ ತುದಿಯಲ್ಲಿ ನಾಣ್ಯವನ್ನು ಅಂಚು ಹಿಡಿದು, ಬಲಗೈ ಹೆಬ್ಬೆರಳನ್ನು ಅದರ ಅಡಿಗೂ ಉಳಿದ ಬೆರಳುಗಳನ್ನು ಅದರ ಮೇಲಕ್ಕೂ ತಂದು ಮುಷ್ಟಿ ಕಟ್ಟುವ ಹೊತ್ತಿಗೆ ನಾಣ್ಯ ಎಡ ಅಂಗೈಗೇ ಜಾರಿ ಬೀಳುತ್ತದೆ. ಬಲ ಮುಷ್ಟಿ ಬರಿದಾಗಿ ಮುಂದೆ ಹೋಗುತ್ತದೆ. ಇಲ್ಲಿ ಕೈಯ ಕೆಲಸ ಅರ್ಧ. ಜಾದೂಗಾರನ ಕಣ್ಣು ಬಲ ಮುಷ್ಟಿಯ ಹಿಂದೆ ಹೋಗಬೇಕು, ಎಡಗೈ ಏನೂ ಇಲ್ಲದ ಕೈಯಂತೆ ಸಹಜವಾಗಿ ಕೆಳಗಿಳಿಯಬೇಕು. ಹೀಗೆ ನೋಡುಗರ ಲಕ್ಷ್ಯವನ್ನು ಬೇಕಾದೆಡೆಗೆ ತಿರುಗಿಸುವುದನ್ನು ಗಮನ ಪಲ್ಲಟವೆನ್ನಬಹುದು. ಕೈಚಳಕದ ಆತ್ಮ ಅದರಲ್ಲಿದೆ. ಮುಂದೆ ಏನಾಗಲಿದೆಯೆಂದು ಮೊದಲೇ ಹೇಳಬಾರದು ಎಂಬ ನಿಯಮದ ಹಿಂದಿರುವುದೂ ಇದೇ, ಏನನ್ನು ಕಾಯಬೇಕೆಂದು ತಿಳಿಯದವನ ಕಣ್ಣು ಎಲ್ಲಿ ನೋಡಬೇಕೆಂದೂ ತಿಳಿಯದೆ ಜಾದೂಗಾರನ ಕಣ್ಣನ್ನು ಹಿಂಬಾಲಿಸುತ್ತದೆ.

ಆ ಗ್ರಂಥದ ಅತ್ಯಂತ ಪ್ರಸಿದ್ಧ ವಿಚಾರ, ಜಾದೂಗಾರನೆಂದರೆ ಮಾಂತ್ರಿಕನ ಪಾತ್ರ ಮಾಡುವ ನಟ ಎಂಬುದು. ಮಾಂತ್ರಿಕನೆಂದು ಹೇಳಿಕೊಳ್ಳುವವನು ಮೋಸಗಾರ. ಬರೀ ಬೆರಳಿನ ವೇಗ ಮೆರೆಯುವವನು ದೊಂಬರಾಟದವನ ಸಾಲಿಗೆ ಸೇರುವ ಕುಶಲಿ. ಇವರಿಬ್ಬರ ನಡುವೆ, ಹೇಳುವುದೆಲ್ಲ ಕಟ್ಟುಕಥೆಯೆಂದು ತನಗೂ ನೋಡುಗರಿಗೂ ಗೊತ್ತಿದ್ದರೂ ಹೇಳುವ ಹೊತ್ತಿಗೆ ತಾನೇ ಅದನ್ನು ನಂಬಿ ನುಡಿಯುವವನು ಕಲಾವಿದ. ಯಕ್ಷಗಾನದ ವೇಷಧಾರಿ ರಾವಣನಾಗಿ ಅಬ್ಬರಿಸಿದರೆ ಅವನನ್ನು ಸುಳ್ಳುಗಾರನೆಂದು ಯಾರೂ ಕರೆಯುವುದಿಲ್ಲವೆಂಬ ತಿಳಿವಳಿಕೆ ನಮ್ಮ ಓದುಗರಿಗೆ ಹೊಸದಲ್ಲ. ಜಾದೂವಿಗೆ ಆ ಸ್ಥಾನವನ್ನು ಬರಹದಲ್ಲಿ ಕೇಳಿ ಪಡೆದವನು ರಾಬರ್ಟ್-ಹೂಡಿನ್. ಅಲ್ಜೀರಿಯದಲ್ಲಿ ಆತನೇ ಈ ಗೆರೆಯನ್ನು ದಾಟಿದ್ದ ಎಂಬುದು ಗ್ರಂಥದ ಬೆಲೆಯನ್ನು ಕಡಿಮೆ ಮಾಡುವುದಿಲ್ಲ, ಬರೆದವನ ಬಗ್ಗೆ ಮಾತ್ರ ಎಚ್ಚರ ಹುಟ್ಟಿಸುತ್ತದೆ.

ಈ ಪುಸ್ತಕಗಳು ದೂರ ಹೋದವು. ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲೆಂಡಿನ ವಕೀಲ ಆಂಜಲೊ ಲೂಯಿಸ್ ಶಾಸ್ತ್ರಗ್ರಂಥವನ್ನು 1878ರಲ್ಲಿ ಇಂಗ್ಲಿಷಿಗೆ ತಂದ. ಅದಕ್ಕೂ ಮೊದಲೇ ಅನುವಾದವಾಗಿದ್ದ ಆತ್ಮಕಥೆಯನ್ನು ಅಮೆರಿಕದಲ್ಲಿ ಎರಿಕ್ ವೈಸ್ ಎಂಬ ಬಡ ಹುಡುಗ ಓದಿ, ಹೂಡಿನ್ ಹೆಸರಿನ ಕೊನೆಗೆ ಇಕಾರ ಸೇರಿಸಿದರೆ ‘ಹೂಡಿನ್‌ನಂಥವನು’ ಎಂದಾಗುತ್ತದೆಂಬ ಗೆಳೆಯನ ಮಾತು ನಂಬಿ ಹ್ಯಾರಿ ಹೂಡಿನಿಯಾದ. ಪ್ರಸಿದ್ಧನಾದ ಮೇಲೆ ಬ್ಲ್ವಾಕ್ಕೆ ಹೋಗಿ ಗುರುವಿನ ಸಮಾಧಿಗೆ ಹೂವಿಟ್ಟ ಹೂಡಿನಿಯನ್ನು ಆ ಮನೆತನದ ಸೊಸೆ ಭೇಟಿಯಾಗಲು ಒಪ್ಪಲಿಲ್ಲ. 1908ರಲ್ಲಿ ಆತ ಹೊರತಂದ ಪುಸ್ತಕ ರಾಬರ್ಟ್-ಹೂಡಿನ್‌ನ ಮುಖವಾಡ ಕಳಚುವ ಪಣ ತೊಟ್ಟಿತ್ತು: ಎರಡನೆಯ ದೃಷ್ಟಿ, ಕಿತ್ತಳೆ ಗಿಡ, ತೇಲುವ ಆಟ ಎಲ್ಲವೂ ಹಿಂದಿನವರಿಂದ ಬಂದವು, ಆತ ಕದ್ದು ಹೆಸರು ಮಾಡಿದ ಎಂಬುದು ಅದರ ವಾದ. ಆಟಗಳು ಹಳೆಯವೆಂಬ ಮಾತಿನಲ್ಲಿ ಹುರುಳಿದೆ; ಕಳ್ಳನೆಂಬ ತೀರ್ಪು ಮುನಿದ ಶಿಷ್ಯನದು. ಯಾವ ಜಾದೂಗಾರನೂ ಶೂನ್ಯದಿಂದ ಆಟ ಕಟ್ಟುವುದಿಲ್ಲವೆಂಬುದು ಹೂಡಿನಿಗೂ ಗೊತ್ತಿರಲೇಬೇಕು. ಆ ಪುಸ್ತಕದಿಂದಾದ ನಿಜವಾದ ಲಾಭವೆಂದರೆ, ಮರೆತುಹೋಗಿದ್ದ ಎಷ್ಟೋ ಹಳೆಯ ಜಾದೂಗಾರರ ಕರಪತ್ರ, ಚಿತ್ರಗಳು ಅದರ ನೆಪದಲ್ಲಿ ಅಚ್ಚಿಗೆ ಬಂದದ್ದು.

ರಾಬರ್ಟ್-ಹೂಡಿನ್‌ನ ಕೊನೆಯ ದಿನಗಳು ಸುಖದವಲ್ಲ. ಈ ಹಿಂದೆ ಗಾಳಿಯಲ್ಲಿ ಮಲಗುತ್ತಿದ್ದ ಮಗ ಯೂಜೆನ್, ಸೇನೆ ಸೇರಿ ಕ್ಯಾಪ್ಟನ್ ಆಗಿದ್ದವನು, ಪ್ರಷ್ಯದೊಂದಿಗಿನ ಯುದ್ಧದಲ್ಲಿ 1870ರ ಆಗಸ್ಟಿನಲ್ಲಿ ಗಾಯಗೊಂಡು ಸತ್ತ. ತಂದೆ 1871ರ ಜೂನ್ 13ರಂದು ನ್ಯುಮೋನಿಯದಿಂದ ತೀರಿಕೊಂಡ. ಅಷ್ಟರಲ್ಲಾಗಲೇ ಪ್ಯಾರಿಸ್ಸಿನ ಇನ್ನೊಂದು ಬೀದಿಗೆ ಸ್ಥಳಾಂತರವಾಗಿದ್ದ ಆತನ ಹೆಸರಿನ ರಂಗಮಂದಿರವನ್ನು 1888ರಲ್ಲಿ ಕೊಂಡ ಝಾರ್ಜ್ ಮೆಲಿಯೆಸ್, 1896ರಿಂದ ಅದರಲ್ಲೇ ಚಲನಚಿತ್ರಗಳನ್ನು ತೋರಿಸತೊಡಗಿ, ಜಾದೂವಿನ ತಂತ್ರಗಳನ್ನು ಕ್ಯಾಮೆರಾಕ್ಕೆ ದಾಟಿಸಿ, ಸಿನಿಮಾದ ಮೊದಲ ಮಾಯಗಾರನಾದ. ರಸ್ತೆ ವಿಸ್ತರಣೆಗಾಗಿ 1924ರಲ್ಲಿ ಆ ಕಟ್ಟಡವನ್ನು ಕೆಡವಲಾಯಿತು. ಬ್ಲ್ವಾದಲ್ಲಿ ಅರಮನೆಯ ಎದುರು 1998ರಿಂದ ಜಾದೂವಿನ ಸಂಗ್ರಹಾಲಯವೊಂದಿದೆ, ಅದರ ಕಿಟಕಿಗಳಿಂದ ನಿಗದಿತ ಹೊತ್ತಿಗೆ ಯಾಂತ್ರಿಕ ಡ್ರ್ಯಾಗನ್‌ನ ತಲೆಗಳು ಹೊರಗೆ ಇಣುಕುತ್ತವೆ. ಪುಸ್ತಕಗಳ ಇಂಗ್ಲಿಷ್ ಅನುವಾದಗಳು ಈಗಲೂ ಓದಲು ಸಿಗುತ್ತವೆ. ಆತ್ಮಕಥೆಯನ್ನು ಕೈಗೆತ್ತಿಕೊಳ್ಳುವವರು ತೊರಿನಿಯ ಅಧ್ಯಾಯಗಳನ್ನು ಕಥೆಯೆಂದೇ ಸವಿಯಬಹುದು. ವಿದ್ಯೆ ಕಲಿಯುವ ಮನಸ್ಸಿರುವವರು 1868ರ ಗ್ರಂಥವನ್ನು ಓದಬೇಕು, ಪಕ್ಕದಲ್ಲಿ ಒಂದು ನಾಣ್ಯವನ್ನೂ ಒಂದು ಕನ್ನಡಿಯನ್ನೂ ಇಟ್ಟುಕೊಂಡು.